ಎಲೆಯಾಟದಲ್ಲಿ ಕಟ್ಟಿನ ರಚನೆ: ಒಂದು ಚಾರಿತ್ರಿಕ ಪರಿಶೀಲನೆ

1

ಬೇಲೂರು ಹಳೇಬೀಡುಗಳಿಗೆ ವಿದ್ಯಾರ್ಥಿಗಳನ್ನು ಕರೆದೊಯ್ಯುವುದು ಕನ್ನಡನಾಡಿನ ಚರಿತ್ರೆಯ ಅಧ್ಯಾಪಕರಿಗೆಲ್ಲ ವಾಡಿಕೆಯಾದ ಕೆಲಸ. ಕಳೆದ ವರ್ಷ ನಾವೂ ಪದವಿ ತರಗತಿಯ ಒಂದು ತಂಡದೊಡನೆ ಈ ಪ್ರವಾಸವನ್ನು ಕೈಗೊಂಡಿದ್ದೆವು. ಕ್ರಿ. ಶ. 1117ರಲ್ಲಿ ವಿಷ್ಣುವರ್ಧನನು ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವನ ಗುಡಿಯಲ್ಲಿ ನಿಂತು ವಿಷ್ಣುವಿನ ಇಪ್ಪತ್ತನಾಲ್ಕು ಮೂರ್ತಿಭೇದಗಳನ್ನು ವಿವರಿಸಿದೆವು. ಶಂಖ, ಚಕ್ರ, ಗದೆ, ಪದ್ಮಗಳೆಂಬ ಲಾಂಛನಗಳು ನಾಲ್ಕೇ. ಅವನ್ನು ಹಿಡಿದ ಕೈಗಳೂ ನಾಲ್ಕೇ. ಯಾವ ಕೈಯಲ್ಲಿ ಯಾವುದಿದೆ ಎಂಬ ಕ್ರಮವೊಂದರಿಂದಲೇ ಈ ಮೂರ್ತಿ ಕೇಶವ, ಆ ಮೂರ್ತಿ ನಾರಾಯಣ, ಮತ್ತೊಂದು ಮಾಧವ ಎಂದು ನಿರ್ಧಾರವಾಗುತ್ತದೆ. ನಾಲ್ಕು ವಸ್ತುಗಳನ್ನು ನಾಲ್ಕು ಎಡೆಗಳಲ್ಲಿ ಇಡುವ ರೀತಿಗಳು ಇಪ್ಪತ್ತನಾಲ್ಕು ಮಾತ್ರವೇ ಆದುದರಿಂದ ಮೂರ್ತಿಗಳೂ ಇಪ್ಪತ್ತನಾಲ್ಕು. ಈ ವಿವರಣೆಯನ್ನು ವಿದ್ಯಾರ್ಥಿಗಳು ಸೌಜನ್ಯದಿಂದ ಕೇಳಿದರೇ ಹೊರತು ಆಸಕ್ತಿಯಿಂದ ಕೇಳಲಿಲ್ಲ. ಹಳೇಬೀಡಿನ ಹೊಯ್ಸಳೇಶ್ವರದ ಭಿತ್ತಿಯ ಮುಂದೆಯೂ ಇದೇ ಅನುಭವವಾಯಿತು.

ಹಿಂದಿರುಗುವಾಗ ಅರಸೀಕೆರೆಯಲ್ಲಿ ರೈಲಿಗಾಗಿ ಕಾದೆವು. 1220ರ ಸುಮಾರಿನ ಈಶ್ವರ ದೇವಾಲಯದ ನಕ್ಷತ್ರಾಕಾರದ ಮಂಟಪವನ್ನು ನೋಡಿ ಬಂದು ನಿಲ್ದಾಣದಲ್ಲಿ ಕುಳಿತಿದ್ದಾಗ, ಅದುವರೆಗೆ ಮೌನವಾಗಿದ್ದ ವಿದ್ಯಾರ್ಥಿಗಳಲ್ಲಿ ತೀವ್ರವಾದ ಚರ್ಚೆಯೊಂದು ಎದ್ದಿತು. ಮೊಬೈಲ್ ಫೋನಿನ ಮೇಲೆ ಆಡುವ ಎಲೆಯಾಟವೊಂದರಲ್ಲಿ ಎಂಟು ಎಲೆಗಳ ಕಟ್ಟಿನಿಂದ ಯಾವ ಎಲೆಯನ್ನು ತೆಗೆಯಬೇಕು, ಅದರ ಎಡೆಗೆ ಯಾವುದನ್ನು ತರಬೇಕು ಎಂಬುದು ಚರ್ಚೆಯ ವಸ್ತು. ನೂರಕ್ಕೂ ಮಿಕ್ಕ ಎಲೆಗಳ ಬೆಲೆ, ಬಲ, ವೇಗ, ಪರಸ್ಪರ ಸಂಬಂಧಗಳು ಅವರಿಗೆ ಕಂಠಪಾಠವಾಗಿದ್ದವು. ಬೆಳಗ್ಗೆ ನಾಲ್ಕು ಲಾಂಛನಗಳ ಕ್ರಮವನ್ನು ನೆನಪಿಡಲು ಒಲ್ಲದ ಮನಸ್ಸುಗಳೇ ಸಂಜೆ ಇದನ್ನೆಲ್ಲ ಲೀಲಾಜಾಲವಾಗಿ ನಿರ್ವಹಿಸುತ್ತಿದ್ದುವು. ಮುಂದಿನ ಪ್ರವಾಸದಲ್ಲಿ ಫೋನುಗಳನ್ನು ನಿಷೇಧಿಸಬೇಕೆಂದು ನಾವು ಅದಾಗಲೇ ಮನಸ್ಸಿನಲ್ಲಿ ನಿಶ್ಚಯಿಸಿದ್ದೆವು. ಆ ಚರ್ಚೆಯನ್ನು ಅರ್ಧ ಗಂಟೆ ಕೇಳಿದ ಮೇಲೆ ನಿಶ್ಚಯ ಸಡಿಲವಾಯಿತು.

ಎಲೆಗಳ ಕಟ್ಟನ್ನು ರಚಿಸುವುದೆಂದರೇನು, ಆ ಕೆಲಸ ಯಾವಾಗಿನಿಂದ ಆಟಗಾರನ ಪಾಲಿಗೆ ಬಂದಿತು, ಅದರಲ್ಲಿ ನಮ್ಮ ನಾಡಿನ ಪಾತ್ರವೇನು ಎಂಬುದನ್ನು ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ. ಎಲೆಯಾಟದ ಚರಿತ್ರೆಯಲ್ಲಿ ಜಾಣ್ಮೆಯ ನೆಲೆ ಆಡುವ ಹೊತ್ತಿನಿಂದ ಆಡುವುದಕ್ಕೆ ಮುಂಚಿನ ಹೊತ್ತಿಗೆ ಕ್ರಮೇಣ ಸರಿದಿದೆಯೆಂಬುದೂ, ಈ ಜಾಣ್ಮೆಯನ್ನು ದಾಖಲಿಸದೆ ಬಿಟ್ಟರೆ ಅದು ಬಹುಬೇಗ ಅಳಿದುಹೋಗುವುದೆಂಬುದೂ ನಮ್ಮ ಅಭಿಪ್ರಾಯ.

2

ಹೊಯ್ಸಳರ ಕಾಲದಲ್ಲಿ ಎಲೆಯಾಟವಿರಲಿಲ್ಲ. ವಿಷ್ಣುವರ್ಧನನ ಸಮಕಾಲೀನನೂ ಅವನ ಅಧಿರಾಜನೂ ಆಗಿದ್ದ ಕಲ್ಯಾಣದ ಚಾಳುಕ್ಯ ಮೂರನೆಯ ಸೋಮೇಶ್ವರನು 1129ರ ಸುಮಾರಿನಲ್ಲಿ ರಚಿಸಿದ ಮಾನಸೋಲ್ಲಾಸವು ಆ ಕಾಲದ ಅರಸುಮಕ್ಕಳ ವಿನೋದಗಳಿಗೆ ಒಂದು ಕೈಪಿಡಿಯಂತಿದೆ. ಇಪ್ಪತ್ತಿಪ್ಪತ್ತು ಅಧ್ಯಾಯಗಳ ಐದು ವಿಂಶತಿಗಳಲ್ಲಿ ಕೊನೆಯದು ಕ್ರೀಡಾವಿಂಶತಿ. ಅಲ್ಲಿ ಚತುರಂಗವಿದೆ, ಪಗಡೆಯ ದಾಳವಿದೆ, ಕವಡೆಯ ಆಟವಿದೆ. ಎಲೆಗಳ ಆಟದ ಸುಳಿವಿಲ್ಲ. ಹಳಗನ್ನಡದ ಕವಿಗಳಿಗೆ ಪರಿಚಿತವಾದ 'ನೆತ್ತ'ವೂ ದಾಳದ ಆಟವೇ. ಚತುರಂಗದಲ್ಲಿ ಇಬ್ಬರಿಗೂ ಸಮಬಲದ ಸೇನೆ, ಮುಚ್ಚಿಟ್ಟದ್ದೇನೂ ಇಲ್ಲ. ನೆತ್ತದಲ್ಲಿ ದಾಳ ಬಿದ್ದಂತೆ ನಡೆಯಬೇಕು. ಮೊದಲನೆಯದು ಬುದ್ಧಿಯ ಆಟ, ಎರಡನೆಯದರಲ್ಲಿ ಅದೃಷ್ಟದ ಪಾಲು ದೊಡ್ಡದು. ಎರಡನ್ನೂ ಒಂದೇ ಕೈಯಲ್ಲಿ ಹಿಡಿಸುವ ಉಪಾಯವಾಗಿ ಎಲೆಗಳು ಆಮೇಲೆ ಬಂದುವು.

ಭಾರತದಲ್ಲಿ ಎಲೆಯಾಟದ ಮೊದಲ ಖಚಿತವಾದ ಉಲ್ಲೇಖ ದೊರೆಯುವುದು ಬಾಬರನ ಆತ್ಮಕಥೆಯಲ್ಲಿ. 1527ರಲ್ಲಿ ಅವನು ಸಿಂಧ್ ಪ್ರಾಂತದ ಷಾ ಹಸನನಿಗೆ ಗಂಜೀಫಾ ಎಲೆಗಳನ್ನು ಕಳುಹಿಸಿದನು. ಅಕ್ಬರನ ಕಾಲಕ್ಕೆ ಈ ಆಟ ಆಸ್ಥಾನದಲ್ಲಿ ಬೇರೂರಿತ್ತು. ಅಬುಲ್ ಫಜಲನು ಐನ್-ಇ-ಅಕ್ಬರಿಯಲ್ಲಿ ಹನ್ನೆರಡು ರಂಗುಗಳ, 144 ಎಲೆಗಳ ಒಂದು ಕಟ್ಟನ್ನು ವರ್ಣಿಸುತ್ತಾನೆ. ರಂಗು ಎಂದರೆ ಒಂದೇ ಚಿಹ್ನೆಯುಳ್ಳ ಎಲೆಗಳ ಬಳಗ. ಅಶ್ವಪತಿ, ಗಜಪತಿ, ನರಪತಿ ಮೊದಲಾದ ಹೆಸರುಗಳನ್ನು ಹೊತ್ತ ಆ ರಂಗುಗಳನ್ನು ನೋಡಿದರೆ, ದೊರೆಯ ಆಳ್ವಿಕೆಯ ಅಂಗಗಳೆಲ್ಲ ಎಲೆಗಳಾಗಿ ಪರಿಣಮಿಸಿದುವೆಂದು ತೋರುತ್ತದೆ. ಹೆಚ್ಚು ಪ್ರಚಾರಕ್ಕೆ ಬಂದದ್ದು ಎಂಟು ರಂಗುಗಳ, 96 ಎಲೆಗಳ ಕಟ್ಟು.

ಇದಕ್ಕೆ ಹಿಂದೂ ಸಮಾಜ ಕೊಟ್ಟ ರೂಪವೇ ದಶಾವತಾರ ಗಂಜೀಫಾ. ಹತ್ತು ಅವತಾರಗಳಿಗೆ ಹತ್ತು ರಂಗು. ಒಂದೊಂದರಲ್ಲಿಯೂ ರಾಜ, ಮಂತ್ರಿ, ಒಂದರಿಂದ ಹತ್ತರವರೆಗಿನ ಅಂಕಿಯ ಎಲೆಗಳು ಸೇರಿ ಹನ್ನೆರಡು, ಒಟ್ಟು 120. ಮತ್ಸ್ಯದ ರಂಗಿಗೆ ಮೀನು, ಕೂರ್ಮಕ್ಕೆ ಆಮೆ, ಪರಶುರಾಮನಿಗೆ ಕೊಡಲಿ ಚಿಹ್ನೆ. ಅಕ್ಷರ ಬಾರದವನೂ ಆಡಬಲ್ಲ ಆಟವಿದು. ಏಕೆಂದರೆ ಈ ಚಿಹ್ನೆಗಳ ಭಾಷೆಯನ್ನು ಗುಡಿಯ ಗೋಡೆಗಳು ಮೊದಲೇ ಕಲಿಸಿದ್ದವು. ಹಳೇಬೀಡಿನ ಭಿತ್ತಿಯ ವರಾಹನನ್ನೂ ನರಸಿಂಹನನ್ನೂ ತ್ರಿವಿಕ್ರಮನನ್ನೂ ಹೆಸರಿನ ಫಲಕವಿಲ್ಲದೆ ಗುರುತಿಸುತ್ತಿದ್ದ ಕಣ್ಣಿಗೆ ಗಂಜೀಫಾದ ಎಲೆ ಹೊಸದಾಗಿ ಕಾಣುವಂತಿರಲಿಲ್ಲ.

ಈ ಆಟದಲ್ಲಿ ಜಾಣ್ಮೆ ಎಲ್ಲಿದೆ? ಎಲೆಗಳನ್ನೆಲ್ಲ ಕಲಸಿ ಪೂರ್ತಿಯಾಗಿ ಹಂಚುತ್ತಾರೆ. ಮೂವರು ಆಡಿದರೆ ಒಬ್ಬೊಬ್ಬರ ಕೈಗೆ ನಲವತ್ತು. ತುರುಪು ಇಲ್ಲ. ಅರ್ಧದಷ್ಟು ರಂಗುಗಳಲ್ಲಿ ಹತ್ತು ದೊಡ್ಡದು, ಉಳಿದರ್ಧದಲ್ಲಿ ಒಂದು ದೊಡ್ಡದು. ಹೀಗಾಗಿ ಯಾವ ಎಲೆಗಳು ಬಿದ್ದುವು, ಯಾವುವು ಇನ್ನೂ ಉಳಿದಿವೆ ಎಂಬ ನೆನಪೇ ಆಟಗಾರನ ಬಂಡವಾಳ. ಕಟ್ಟಿನ ರಚನೆಯಲ್ಲಿ ಅವನ ಕೈವಾಡವಿಲ್ಲ. ಚಿತ್ರಕಾರ ಬರೆದುಕೊಟ್ಟ 120 ಎಲೆಗಳೇ ಎಲ್ಲರ ಪ್ರಪಂಚ. ಅದರಲ್ಲಿ ತನಗೆ ಬಂದ ಪಾಲನ್ನು ಅವನು ಬಳಸಬಹುದೇ ಹೊರತು ಆರಿಸಿಕೊಳ್ಳುವಂತಿಲ್ಲ.

3

ಈ ಕಟ್ಟನ್ನು ಬಿಚ್ಚಿ ಹೊಸದಾಗಿ ಕಟ್ಟುವ ಸಾಹಸ ನಡೆದುದು ಮೈಸೂರಿನಲ್ಲಿ. ಅದನ್ನು ಮಾಡಿದವರು ಮುಮ್ಮಡಿ ಕೃಷ್ಣರಾಜ ಒಡೆಯರು. 1794ರಲ್ಲಿ ಜನಿಸಿ, 1799ರಲ್ಲಿ ಟೀಪುವಿನ ಪತನದ ಅನಂತರ ಐದು ವರ್ಷದ ಬಾಲಕನಾಗಿ ಪಟ್ಟವೇರಿದ ಈ ಅರಸರ ಕೈಯಿಂದ 1831ರಲ್ಲಿ ಈಸ್ಟ್ ಇಂಡಿಯಾ ಕಂಪನಿಯವರು ಆಡಳಿತವನ್ನು ಕಿತ್ತುಕೊಂಡರು. 1868ರಲ್ಲಿ ತೀರಿಕೊಳ್ಳುವವರೆಗೂ ಅದು ಅವರಿಗೆ ಮರಳಿ ದೊರೆಯಲಿಲ್ಲ. ಒಡೆಯರ ಮನೆತನಕ್ಕೆ ಅಧಿಕಾರ ಹಿಂದಿರುಗಿದುದು 1881ರಲ್ಲಿ. ಪಟ್ಟವಿದ್ದೂ ಆಳ್ವಿಕೆಯಿಲ್ಲದ ಆ ದಶಕಗಳಲ್ಲಿ ಅರಮನೆಯು ವಿದ್ಯೆ, ಚಿತ್ರಕಲೆ, ಸಂಗೀತಗಳಿಗೆ ಆಶ್ರಯವಾಯಿತು. ಒಂಬತ್ತು ನಿಧಿಗಳ ಮಹಾಗ್ರಂಥವಾದ ಶ್ರೀತತ್ತ್ವನಿಧಿ ಆ ಕಾಲದ ಫಲ. ಮೊದಲ ನಿಧಿಗಳಲ್ಲಿ ದೇವತಾಮೂರ್ತಿಗಳ ಧ್ಯಾನ, ಲಕ್ಷಣ, ಚಿತ್ರಗಳಿದ್ದರೆ, ಕೌತುಕನಿಧಿಯಲ್ಲಿ ಅರಸರು ತಾವೇ ಕಲ್ಪಿಸಿದ ಎಲೆಯಾಟಗಳ ವಿವರಗಳೂ ಬಣ್ಣದ ಚಿತ್ರಗಳೂ ಇವೆ.

ಈ ಆಟಗಳಿಗೆ ಅವರು ಕೊಟ್ಟ ಹೆಸರು 'ಛದ'. ಸಂಸ್ಕೃತದಲ್ಲಿ ಛದವೆಂದರೆ ಎಲೆಯೇ. ಇಸ್ಪೀಟಿನ ಪತ್ರವನ್ನು 'ಎಲೆ' ಎಂದು ಕರೆಯುವ ಕನ್ನಡಿಗರ ರೂಢಿಗೆ ಇದು ಎಷ್ಟು ಹತ್ತಿರ ಎಂಬುದನ್ನು ಓದುಗರು ಗಮನಿಸಬಹುದು. ಚಾಮುಂಡೇಶ್ವರೀ ಛದ, ಜಗನ್ಮೋಹನ ಛದ, ನವಗ್ರಹ ಛದ, ಪಂಚಪಾಂಡವ ಛದ ಮುಂತಾದುವು ಇವುಗಳಲ್ಲಿ ಕೆಲವು. ಗಂಜೀಫಾದ ಒಂದು ರಂಗಿನಲ್ಲಿ ಹತ್ತು ಅಂಕಿಯ ಎಲೆಗಳೂ ಎರಡು ಚಿತ್ರದ ಎಲೆಗಳೂ ಇದ್ದರೆ, ಛದದ ಒಂದು ರಂಗಿನಲ್ಲಿ ಸಾಮಾನ್ಯವಾಗಿ ಹನ್ನೆರಡು ಅಂಕಿಯ ಎಲೆಗಳು, ಆರು ಚಿತ್ರದ ಎಲೆಗಳು. ಇಂಥ ಹನ್ನೆರಡು ರಂಗುಗಳು ಕೂಡಿದರೆ 216 ಎಲೆಗಳಾದುವು. ಹದಿನೆಂಟು ರಂಗುಗಳವರೆಗೂ, 360 ಎಲೆಗಳವರೆಗೂ ಈ ಕಲ್ಪನೆ ಹೋಯಿತು. ಅಷ್ಟೇ ಅಲ್ಲ, ಕೆಲವು ಆಟಗಳಲ್ಲಿ ಶಾಶ್ವತವಾದ ತುರುಪುಗಳನ್ನೂ, ಬೇರೆ ಯಾವುದೇ ಎಲೆಯ ಸ್ಥಾನದಲ್ಲಿ ನಿಲ್ಲಬಲ್ಲ ವಿಶೇಷ ಎಲೆಗಳನ್ನೂ ಅವರು ಸೇರಿಸಿದರು.

ಇಲ್ಲಿ ಒಂದು ಮುಖ್ಯವಾದ ಬದಲಾವಣೆಯನ್ನು ನಾವು ಕಾಣುತ್ತೇವೆ. ಕಟ್ಟು ಎಂಬುದು ಪರಂಪರೆಯಿಂದ ಬಂದ ಬದಲಿಸಲಾಗದ ವಸ್ತುವಲ್ಲ. ಎಷ್ಟು ರಂಗು, ಎಷ್ಟು ರಾಜರು, ಯಾವ ಎಲೆಗೆ ಯಾವ ಅಧಿಕಾರ ಎಂಬುದನ್ನು ಬುದ್ಧಿಪೂರ್ವಕವಾಗಿ ನಿರ್ಣಯಿಸಬಹುದು ಎಂಬ ತಿಳಿವಳಿಕೆ ಛದಗಳ ಹಿಂದೆ ಇದೆ. ರಾಜ್ಯವನ್ನು ರಚಿಸುವ ಅಧಿಕಾರವನ್ನು ಕಳೆದುಕೊಂಡ ಅರಸರು ಎಲೆಗಳಲ್ಲಿ ಹೊಸ ಹೊಸ ರಾಜ್ಯಗಳನ್ನು ರಚಿಸುತ್ತಿದ್ದರೆಂದು ಹೇಳಿದರೆ ಅದು ಬರಿಯ ಅಲಂಕಾರದ ಮಾತಾಗಲಾರದು.

ಆದರೆ ಛದಗಳು ಅರಮನೆಯ ಆಚೆಗೆ ಹರಡಲಿಲ್ಲ. ಭಾರತೀಯ ಗಂಜೀಫಾವನ್ನು ಕುರಿತು 1982ರಲ್ಲಿ ಗ್ರಂಥವನ್ನು ಪ್ರಕಟಿಸಿದ ರೂಡಾಲ್ಫ್ ಫಾನ್ ಲೈಡನ್ ಮೊದಲಾದ ವಿದ್ವಾಂಸರ ಶ್ರಮದಿಂದ ಇವು ಇತಿಹಾಸಕಾರರ ಗಮನಕ್ಕೆ ಬಂದುವು. ಮೈಸೂರಿನ ಗಂಜೀಫಾ ಕಲೆಗೆ ಭೌಗೋಳಿಕ ಸೂಚಕದ ಮನ್ನಣೆಯೂ ದೊರೆತಿದೆ. ರಘುಪತಿ ಭಟ್ಟರಂಥ ಕಲಾವಿದರು ಅದನ್ನು ಪುನರುಜ್ಜೀವನಗೊಳಿಸಿದರು. ಚಿತ್ರ ಉಳಿಯಿತು, ನಿಯಮವೂ ಗ್ರಂಥದಲ್ಲಿ ಉಳಿಯಿತು; ಆಡುವ ಬಳಗ ಮಾತ್ರ ಬೆಳೆಯಲಿಲ್ಲ. 360 ಎಲೆಗಳೆಂದರೆ ದಶಾವತಾರದ ಕಟ್ಟಿನ ಮೂರರಷ್ಟು. ಅಷ್ಟನ್ನು ನೆನಪಿನಲ್ಲಿ ಹಿಡಿಯುವ ವ್ಯವಧಾನ ಆಸ್ಥಾನದಲ್ಲಿರಬಹುದು, ಸಂತೆಯಿಂದ ಬಂದು ಜಗುಲಿಯ ಮೇಲೆ ಕುಳಿತವನಿಗಿರದು. ಅವನ ಜಗುಲಿಗೆ 52 ಎಲೆಗಳ ಇಸ್ಪೀಟು ಬಂದಿತು.

4

ಕಟ್ಟನ್ನು ರಚಿಸುವ ಅಧಿಕಾರ ಅರಸನಿಂದ ಆಟಗಾರನಿಗೆ ದಾಟಿದುದು ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ. 1993ರಲ್ಲಿ ಅಮೆರಿಕದ ಗಣಿತಜ್ಞ ರಿಚರ್ಡ್ ಗಾರ್ಫೀಲ್ಡ್ ರಚಿಸಿದ 'ಮ್ಯಾಜಿಕ್: ದಿ ಗ್ಯಾದರಿಂಗ್' ಎಂಬ ಆಟದಲ್ಲಿ ಇಬ್ಬರಿಗೂ ಸಾಮಾನ್ಯವಾದ ಕಟ್ಟೇ ಇಲ್ಲ. ಪ್ರತಿಯೊಬ್ಬನೂ ತನ್ನ ಸಂಗ್ರಹದಿಂದ ಎಲೆಗಳನ್ನು ಆರಿಸಿ ತನ್ನದೇ ಕಟ್ಟನ್ನು ತರುತ್ತಾನೆ. 2014ರಲ್ಲಿ ಪ್ರಕಟವಾದ 'ಹಾರ್ತ್‌ಸ್ಟೋನ್' ಇದೇ ತತ್ತ್ವವನ್ನು ಗಣಕಯಂತ್ರಕ್ಕೆ ಒಗ್ಗಿಸಿತು. ಅಲ್ಲಿ ಕಟ್ಟಿಗೆ ಮೂವತ್ತು ಎಲೆಗಳು. ಅರಸೀಕೆರೆಯಲ್ಲಿ ನಮ್ಮ ವಿದ್ಯಾರ್ಥಿಗಳು ಆಡುತ್ತಿದ್ದುದು ಫಿನ್ಲೆಂಡಿನ ಸೂಪರ್‌ಸೆಲ್ ಸಂಸ್ಥೆ 2016ರಲ್ಲಿ ಹೊರತಂದ 'ಕ್ಲ್ಯಾಷ್ ರಾಯಲ್'. ಇದರ ಕಟ್ಟಿಗೆ ಎಂಟೇ ಎಲೆಗಳು. ಎಂಟೆಂದರೆ ಅಲ್ಪವೆಂದು ಭಾವಿಸಬಾರದು. ನೂರು ಎಲೆಗಳಿಂದ ಎಂಟನ್ನು ಆರಿಸುವ ರೀತಿಗಳು 18,608 ಕೋಟಿಗೂ ಹೆಚ್ಚು.

ಆಟದ ಮೂಲ ನಿಯಮ ಸರಳ. ನದಿಯೊಂದರ ಎರಡು ದಡಗಳಲ್ಲಿ ಇಬ್ಬರು ಆಟಗಾರರು. ಒಬ್ಬೊಬ್ಬರಿಗೂ ಮೂರು ಗೋಪುರಗಳು. ಎದುರಾಳಿಯ ಗೋಪುರಗಳನ್ನು ಕೆಡಹುವುದು ಗುರಿ. ಪ್ರತಿ ಎಲೆಗೂ 'ಎಲಿಕ್ಸಿರ್' ಎಂಬ ದ್ರವ್ಯದಲ್ಲಿ ಬೆಲೆಯಿದೆ. ಆರಂಭಕ್ಕೆ ಐದು ಅಳತೆ ಎಲಿಕ್ಸಿರ್ ಕೈಯಲ್ಲಿರುತ್ತದೆ; 2.8 ಸೆಕೆಂಡಿಗೊಂದರಂತೆ ಅದು ತುಂಬುತ್ತ ಹೋಗುತ್ತದೆ. ಹತ್ತಕ್ಕಿಂತ ಹೆಚ್ಚು ಕೂಡಿಡುವಂತಿಲ್ಲ. ಎಂಟು ಎಲೆಗಳಲ್ಲಿ ನಾಲ್ಕು ಮಾತ್ರ ಒಮ್ಮೆಗೆ ಕೈಯಲ್ಲಿರುತ್ತವೆ. ಇಳಿಸಿದ ಎಲೆ ಸಾಲಿನ ಕೊನೆಗೆ ಹೋಗುತ್ತದೆ. ಮತ್ತೆ ನಾಲ್ಕು ಎಲೆಗಳನ್ನು ಇಳಿಸಿದ ಮೇಲೆ ಅದು ಪುನಃ ಕೈಗೆ ಬರುತ್ತದೆ.

ಈ ನಿಯಮಗಳನ್ನು ಕೇಳಿದ ನಾವು ಕುತೂಹಲದಿಂದ ವಿದ್ಯಾರ್ಥಿಯೊಬ್ಬನ ಫೋನನ್ನು ಪಡೆದು ಸ್ವಂತ ಕಟ್ಟೊಂದನ್ನು ರಚಿಸಿದೆವು. ಬಲವಾದುದೇ ಶ್ರೇಷ್ಠವೆಂದು ಬಗೆದು ಗೋಲೆಮ್, ಪೆಕ್ಕಾ, ಮೆಗಾ ನೈಟ್, ಲಾವಾ ಹೌಂಡ್, ರಾಯಲ್ ಜೈಂಟ್, ರಾಕೆಟ್, ಸ್ಪಾರ್ಕಿ, ಜೈಂಟ್ ಸ್ಕೆಲಿಟನ್ ಎಂಬ ಎಂಟು ಎಲೆಗಳನ್ನು ಆರಿಸಿದೆವು. ಮೊದಲನೆಯದರ ಬೆಲೆ 8, ಮುಂದಿನ ಮೂರಕ್ಕೆ ತಲಾ 7, ಉಳಿದ ನಾಲ್ಕಕ್ಕೆ ತಲಾ 6, ಒಟ್ಟು 53. ಆಟ ತೊಡಗಿದಾಗ ಕೈಯಲ್ಲಿ ಐದು ಎಲಿಕ್ಸಿರ್, ಕಟ್ಟಿನಲ್ಲಿ ಆರಕ್ಕಿಂತ ಅಗ್ಗದ ಎಲೆಯೇ ಇಲ್ಲ! ನಾವು ಸುಮ್ಮನೆ ನೋಡುತ್ತಿದ್ದಂತೆಯೇ ಎದುರಾಳಿಯ ಸಣ್ಣಪುಟ್ಟ ಪಡೆಗಳು ನದಿಯನ್ನು ದಾಟಿ ಬಂದುವು. ಮೂರು ಆಟಗಳನ್ನು ಸತತವಾಗಿ ಸೋತ ಮೇಲೆ ಆ ವಿದ್ಯಾರ್ಥಿ ನಗುವನ್ನು ಅದುಮಿಕೊಂಡು, "ಸಾರ್, ನಿಮ್ಮ ಕಟ್ಟಿನಲ್ಲಿ ಎಂಟು ಜನ ರಾಜರಿದ್ದಾರೆ, ಒಬ್ಬ ಆಳೂ ಇಲ್ಲ" ಎಂದನು. ಕಟ್ಟಿನ ರಚನೆಯನ್ನು ಕುರಿತು ಇದಕ್ಕಿಂತ ಅಡಕವಾದ ಸೂತ್ರವನ್ನು ನಾವು ಬೇರೆಲ್ಲಿಯೂ ಕೇಳಿಲ್ಲ. ರಂಗಿಗೆ ಎರಡರ ಬದಲು ಆರು ಚಿತ್ರದ ಎಲೆಗಳನ್ನು ಹೊತ್ತ ಛದಗಳ ನೆನಪೂ ಆಗ ನಮಗೆ ಬಂದಿತು.

ಅನಂತರ ಅವನು ತನ್ನ ಕಟ್ಟನ್ನು ವಿವರಿಸಿದನು. ಆಟಗಾರರ ನಡುವೆ ಅದು '2.6 ಹಾಗ್ ಸೈಕಲ್' ಎಂದು ಪ್ರಸಿದ್ಧವಾದುದು. ಅದರ ಎಲೆಗಳು ಇವು: ಹಾಗ್ ರೈಡರ್ (4), ಮಸ್ಕೆಟಿಯರ್ (4), ಫೈರ್‌ಬಾಲ್ (4), ಕ್ಯಾನನ್ (3), ಐಸ್ ಗೋಲೆಮ್ (2), ದಿ ಲಾಗ್ (2), ಸ್ಕೆಲಿಟನ್ಸ್ (1), ಐಸ್ ಸ್ಪಿರಿಟ್ (1). ಬೆಲೆಗಳ ಮೊತ್ತ 21. ಎಂಟರಿಂದ ಭಾಗಿಸಿದರೆ ಸರಾಸರಿ 2.6. ಹೆಸರಿನ ಅಂಕಿಯ ಮೂಲ ಇದೇ.

ಇವುಗಳಲ್ಲಿ ಗೋಪುರವನ್ನು ಕೆಡಹುವ ಹೊಣೆ ಮುಖ್ಯವಾಗಿ ಹಾಗ್ ರೈಡರನದು. ಹಂದಿಯನ್ನೇರಿದ ಈ ಸವಾರ ದಾರಿಯಲ್ಲಿ ಎದುರಾದ ಸೈನಿಕರನ್ನು ಲೆಕ್ಕಿಸದೆ, ನದಿಯನ್ನು ಹಾರಿ, ನೇರವಾಗಿ ಕಟ್ಟಡದತ್ತ ಓಡುತ್ತಾನೆ. ಉಳಿದ ಏಳೂ ಅವನ ಪರಿವಾರ. ಕ್ಯಾನನ್ ಎದುರಾಳಿಯ ದೈತ್ಯರನ್ನು ತನ್ನತ್ತ ಸೆಳೆದು ಗೋಪುರವನ್ನು ಉಳಿಸುತ್ತದೆ. ಮಸ್ಕೆಟಿಯರ್ ನೆಲದವರನ್ನೂ ಆಕಾಶದಲ್ಲಿ ಹಾರುವವರನ್ನೂ ದೂರದಿಂದ ಹೊಡೆಯುತ್ತಾಳೆ. ಲಾಗ್ ಎಂಬ ಉರುಳುವ ದಿಮ್ಮಿ ನೆಲದ ಮೇಲಿನ ಸಣ್ಣ ಪಡೆಗಳನ್ನು ಹಿಂದಕ್ಕೆ ತಳ್ಳುತ್ತದೆ. ಒಂದೊಂದು ಎಲಿಕ್ಸಿರಿನ ಎರಡು ಎಲೆಗಳಿಗೆ ಬಲವಿಲ್ಲ. ಕ್ಷಣಕಾಲ ಶತ್ರುವಿನ ಗಮನವನ್ನು ಕದಲಿಸುವುದು, ಸಾಲನ್ನು ಬೇಗ ಮುಂದೂಡುವುದು ಅವುಗಳ ಕೆಲಸ. ಹಾಗ್ ರೈಡರನನ್ನು ಇಳಿಸಿದ ಮೇಲೆ ಅವನು ಮರಳಿ ಕೈಗೆ ಬರಲು ನಾಲ್ಕು ಎಲೆಗಳನ್ನು ಇಳಿಸಬೇಕಷ್ಟೆ. ಈ ಕಟ್ಟಿನ ಅತ್ಯಂತ ಅಗ್ಗದ ನಾಲ್ಕು ಎಲೆಗಳಿಗೆ ತಗಲುವ ವೆಚ್ಚ ಆರೇ ಎಲಿಕ್ಸಿರ್, ಎಂದರೆ ಸುಮಾರು 17 ಸೆಕೆಂಡು. ಎದುರಾಳಿ ತನ್ನ ರಕ್ಷಣೆಯ ಎಲೆಯನ್ನು ಅಷ್ಟರೊಳಗೆ ಮರಳಿ ಪಡೆಯದಿದ್ದರೆ ಎರಡನೆಯ ಸವಾರನಿಗೆ ಗೋಪುರದ ದಾರಿ ತೆರೆದಿರುತ್ತದೆ. ನಿಧಾನವಾದ, ಭಾರವಾದ ಕಟ್ಟನ್ನು ಹಗುರವಾದ ಕಟ್ಟು ಸೋಲಿಸುವ ಗುಟ್ಟು ಇಷ್ಟೇ.

ಹಾಗೆಂದು ಈ ಕಟ್ಟು ನಿರ್ದೋಷವಾದುದಲ್ಲ. ಆಕಾಶದಿಂದ ಬರುವ ಪಡೆಗಳೆದುರು ಅದು ದುರ್ಬಲ. ಮಸ್ಕೆಟಿಯರ್ ಬಿದ್ದರೆ ಐಸ್ ಸ್ಪಿರಿಟ್ ಮತ್ತು ಫೈರ್‌ಬಾಲ್ ಮಾತ್ರ ಉಳಿಯುವುವು. ನಿಲ್ದಾಣದಲ್ಲಿ ನಡೆದ ಚರ್ಚೆಯೂ ಈ ದೋಷವನ್ನು ಕುರಿತದ್ದೇ. ಐಸ್ ಗೋಲೆಮ್‌ನ ಎಡೆಯಲ್ಲಿ ಆಕಾಶಕ್ಕೆ ಹೊಡೆಯಬಲ್ಲ ಮತ್ತೊಂದು ಎಲೆಯನ್ನು ಇಡಬೇಕೆಂದು ಒಬ್ಬನು. ಇಟ್ಟರೆ ಬೆಲೆ ಹೆಚ್ಚಿ ಸಾಲು ನಿಧಾನವಾಗುವುದೆಂದು ಮತ್ತೊಬ್ಬನು. ಒಂದು ಬಾಗಿಲನ್ನು ಮುಚ್ಚಿದರೆ ಇನ್ನೊಂದು ತೆರೆಯುವುದೆಂಬ ಅರಿವು ಇಬ್ಬರಲ್ಲಿಯೂ ಇತ್ತು. ಎಲ್ಲ ಶತ್ರುಗಳನ್ನೂ ಗೆಲ್ಲುವ ಕಟ್ಟಿಲ್ಲ. ಆ ದಿನಗಳಲ್ಲಿ ಯಾವ ಶತ್ರುಗಳು ಹೆಚ್ಚಾಗಿ ಎದುರಾಗುತ್ತಾರೆಂಬುದನ್ನು ಊಹಿಸಿ, ಉಳಿದವರಿಗೆ ಸೋಲಲು ಸಿದ್ಧನಾಗುವುದೇ ರಚನಕಾರನ ವಿವೇಕ. ಇದು ದುರ್ಗವನ್ನು ಕಟ್ಟಿಸುವ ಅರಸನ ವಿವೇಕಕ್ಕಿಂತ ಬೇರೆಯದಲ್ಲ.

ಆಡುವಾಗಿನ ಜಾಣ್ಮೆ ಇದರಿಂದ ನಿರರ್ಥಕವಾಗುವುದಿಲ್ಲ. ಎದುರಾಳಿಯ ಕೈಯಲ್ಲಿ ಯಾವ ನಾಲ್ಕು ಎಲೆಗಳಿವೆ, ಅವನ ಎಲಿಕ್ಸಿರ್ ಎಷ್ಟು ಉಳಿದಿದೆ ಎಂಬುದನ್ನು ಎಣಿಸುತ್ತಿರಬೇಕು. ಬಿದ್ದ ಎಲೆಗಳನ್ನು ನೆನಪಿಡುತ್ತಿದ್ದ ಗಂಜೀಫಾ ಆಟಗಾರನ ವಿದ್ಯೆಯೇ ಇದು. ಆದರೆ ಈ ವಿದ್ಯೆ ಈಗ ಎರಡನೆಯ ಸ್ಥಾನಕ್ಕೆ ಸರಿದಿದೆ. ತಾನು ಹೊತ್ತು ತಂದ ಎಂಟು ಎಲೆಗಳ ಎಲ್ಲೆಯನ್ನು ಮೀರಿ ಯಾವ ಆಟಗಾರನೂ ಆಡಲಾರನು.

5

ಎಲೆಯಾಟವೆಂದೊಡನೆ ನಮ್ಮ ಮನೆಗಳಲ್ಲಿ ಜೂಜಿನ ಶಂಕೆ ಏಳುವುದು ಸಹಜ. ಈ ಶಂಕೆಗೆ ಆಧಾರವಿಲ್ಲದೆ ಇಲ್ಲ. ಇಸ್ಪೀಟಿನ ರಮ್ಮಿ ಆಟದ ಮೊಕದ್ದಮೆಯೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು 1967ರಲ್ಲಿಯೇ, ಬಿದ್ದ ಎಲೆಗಳನ್ನು ನೆನಪಿಟ್ಟು ಕೈಯನ್ನು ಕಟ್ಟಬೇಕಾದುದರಿಂದ ರಮ್ಮಿ ಪ್ರಧಾನವಾಗಿ ಕೌಶಲದ ಆಟವೆಂಬ ಅಭಿಪ್ರಾಯವನ್ನು ಕೊಟ್ಟಿತು. ಕರ್ನಾಟಕವು 2021ರಲ್ಲಿ ಪೊಲೀಸ್ ಕಾಯಿದೆಯನ್ನು ತಿದ್ದಿ ಆನ್‌ಲೈನ್ ಪಂದ್ಯಗಳ ಮೇಲೆ ಹೂಡಿದ ನಿಷೇಧವನ್ನು ಹೈಕೋರ್ಟು 2022ರ ಫೆಬ್ರವರಿಯಲ್ಲಿ ರದ್ದುಪಡಿಸಿತು. 2025ರಲ್ಲಿ ಸಂಸತ್ತು ಅಂಗೀಕರಿಸಿದ ಕಾಯಿದೆ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ, ಇ-ಕ್ರೀಡೆಗಳನ್ನು ಅವುಗಳಿಂದ ಬೇರ್ಪಡಿಸಿತು. ನಾವು ಚರ್ಚಿಸುತ್ತಿರುವ ಆಟದಲ್ಲಿ ಪಣವಿಲ್ಲ. ಆದರೂ ಎಲೆಗಳ ಬಲವನ್ನು ಹಣ ಕೊಟ್ಟು ಬೇಗ ಏರಿಸಿಕೊಳ್ಳುವ ಪ್ರಲೋಭನೆ ಅದರಲ್ಲಿದೆಯೆಂಬುದನ್ನೂ, ಮೂರು ನಿಮಿಷದ ಆಟವು ಮೂರು ಗಂಟೆಗೆ ಬೆಳೆಯುವುದೆಂಬುದನ್ನೂ ಅಧ್ಯಾಪಕರು ಮರೆಯಬಾರದು. ದೋಷವನ್ನು ದೋಷವೆಂದು ಹೇಳುತ್ತಲೇ ಗುಣವನ್ನು ಗುಣವೆಂದು ಒಪ್ಪುವುದು ಚರಿತ್ರಕಾರನ ಧರ್ಮ.

ಚರಿತ್ರಕಾರನಿಗೆ ಇದಕ್ಕಿಂತ ಗಂಭೀರವಾದ ಚಿಂತೆ ಮತ್ತೊಂದಿದೆ. ಗಂಜೀಫಾದ ಎಲೆ ಪೆಟ್ಟಿಗೆಯಲ್ಲಿ ಉಳಿಯಿತು; ಛದದ ನಿಯಮ ಕೌತುಕನಿಧಿಯಲ್ಲಿ ಉಳಿಯಿತು. ಮೊಬೈಲಿನ ಎಲೆಗೆ ಇಂಥ ಪೆಟ್ಟಿಗೆಯಿಲ್ಲ. ಅದರ ಬಲಾಬಲಗಳನ್ನು ತಯಾರಕರು ಆಗಾಗ ತಿದ್ದುತ್ತಿರುತ್ತಾರೆ. ಕ್ಲ್ಯಾಷ್ ರಾಯಲ್‌ನಲ್ಲಿ 2023ರಿಂದ ಕೆಲವು ಎಲೆಗಳಿಗೆ 'ಇವೊಲ್ಯೂಷನ್' ಎಂಬ ಹೊಸ ರೂಪ ಬಂದುದರಿಂದ ಹಳೆಯ ಲೆಕ್ಕಾಚಾರಗಳೆಲ್ಲ ಬದಲಾದುವು. 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಪ್ರದರ್ಶನ ಸ್ಪರ್ಧೆಯಾಗಿದ್ದ ಹಾರ್ತ್‌ಸ್ಟೋನಿನಲ್ಲಿ ಗುಜರಾತಿನ ತೀರ್ಥ ಮೆಹ್ತಾ ಭಾರತಕ್ಕೆ ಕಂಚನ್ನು ತಂದರು. ಮುಂದಿನ ಕೂಟ 2023ರಲ್ಲಿ ಹ್ಯಾಂಗ್‌ಝೌ ನಗರದಲ್ಲಿ ನಡೆಯುವಷ್ಟರಲ್ಲಿ, ಆಟದ ತಯಾರಕರಿಗೂ ಅವರ ಚೀನೀ ಪಾಲುದಾರರಿಗೂ ಇದ್ದ ಒಪ್ಪಂದ ಮುಗಿದು, ಆ ಸ್ಪರ್ಧೆಯನ್ನೇ ಕೈಬಿಡಲಾಯಿತು. ಕಟ್ಟುಗಳಿದ್ದುವು, ಆಟಗಾರರೂ ಇದ್ದರು, ಕಣವೇ ಮಾಯವಾಯಿತು. 2016ರಲ್ಲಿ ಬಂದ 'ಡ್ಯೂಯಲಿಸ್ಟ್' ಎಂಬ ಇಂಥದೇ ಆಟದ ಯಂತ್ರಗಳನ್ನು 2020ರಲ್ಲಿ ನಿಲ್ಲಿಸಿದ ದಿನದಿಂದ ಅದರ ಕಟ್ಟುಗಳು ತಯಾರಕರ ಕಣದಲ್ಲಿ ಆಡಲಾಗದ ವಸ್ತುಗಳಾದುವು. ಹೀಗೆ ಮೈಸೂರಿನ ಛದಗಳಿಗೆ ನಿಯಮವಿದ್ದೂ ಆಡುವವರು ಒದಗಲಿಲ್ಲ. ಈ ಆಟಗಳಿಗೆ ಆಡುವವರಿದ್ದೂ ನಿಯಮ ಉಳಿಯುತ್ತಿಲ್ಲ.

ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ತಾವು ಕಡೆದ ವಿಗ್ರಹಗಳ ಅಡಿಯಲ್ಲಿ ತಮ್ಮ ಹೆಸರುಗಳನ್ನು ಕೊರೆದರು. ಆ ಒಂದೆರಡು ಸಾಲುಗಳಿಂದಲೇ ನಮಗೆ ಶಿಲ್ಪಿಯ ಊರು, ಕುಲ, ಬಿರುದುಗಳು ತಿಳಿಯುತ್ತವೆ. ನಮ್ಮ ಕಾಲೇಜುಗಳ ವಿದ್ಯಾರ್ಥಿಗಳು ದಿನವೂ ರಚಿಸುವ ಕಟ್ಟುಗಳ ಅಡಿಯಲ್ಲಿ ಅಂಥ ಸಾಲುಗಳಿಲ್ಲ. ಆದ್ದರಿಂದ ಸಹೋದ್ಯೋಗಿಗಳಲ್ಲಿ ನಮ್ಮದೊಂದು ಬಿನ್ನಹವಿದೆ. ಇಂಥ ಆಟವನ್ನು ಬಲ್ಲ ವಿದ್ಯಾರ್ಥಿಯಿಂದ ಒಂದು ಪುಟವನ್ನು ಬರೆಯಿಸಿರಿ: ಕಟ್ಟಿನ ಎಲೆಗಳು, ಒಂದೊಂದರ ಬೆಲೆ, ಅದನ್ನು ಆರಿಸಲು ಕಾರಣ, ಬಿಟ್ಟ ಎಲೆ ಮತ್ತು ಅದನ್ನು ಬಿಡಲು ಕಾರಣ, ಆಡಿದ ತಿಂಗಳು ಮತ್ತು ವರ್ಷ. ಗೆದ್ದ ಕಟ್ಟುಗಳನ್ನಷ್ಟೇ ಅಲ್ಲದೆ ಸೋತ ಕಟ್ಟುಗಳನ್ನೂ ಬರೆಯಿಸಿರಿ. ಕಾರಣಗಳು ಸ್ಪಷ್ಟವಾಗುವುದು ಸೋಲಿನಲ್ಲಿಯೇ. ಅದು ಇಂದಿನ ಕೌತುಕನಿಧಿಯಾಗುವುದು. ಕಾರಣವನ್ನು ಕೊಟ್ಟು ಬರೆಯುವ ಅಭ್ಯಾಸ ಚರಿತ್ರೆಯ ವಿದ್ಯಾರ್ಥಿಗೆ ಬೇರೆ ರೀತಿಯಲ್ಲಿಯೂ ಉಪಯುಕ್ತವೇ.

ಈ ವರ್ಷ ಬೇಲೂರಿಗೆ ಹೋದಾಗ ಫೋನುಗಳನ್ನು ನಾವು ನಿಷೇಧಿಸಲಿಲ್ಲ. ಅದರ ಬದಲು ಶಂಖ, ಚಕ್ರ, ಗದೆ, ಪದ್ಮಗಳ ಚಿತ್ರವುಳ್ಳ ನಾಲ್ಕು ಎಲೆಗಳನ್ನು ರಟ್ಟಿನಲ್ಲಿ ಕತ್ತರಿಸಿ ಪ್ರತಿ ಗುಂಪಿಗೂ ಕೊಟ್ಟೆವು. ಎದುರಿನ ಮೂರ್ತಿಯ ಕೈಗಳಲ್ಲಿರುವ ಕ್ರಮದಲ್ಲಿ ಅವುಗಳನ್ನು ಜೋಡಿಸಿ ಹೆಸರನ್ನು ಹೇಳಬೇಕೆಂದೆವು. ಅರ್ಧ ಗಂಟೆ ಯಾರೂ ನೆರಳಿಗೆ ಹೋಗಲಿಲ್ಲ. ಕಳೆದ ವರ್ಷ ನಮ್ಮ ಕಟ್ಟನ್ನು ಕಂಡು ನಕ್ಕ ವಿದ್ಯಾರ್ಥಿಯೂ ಅಲ್ಲಿದ್ದನು. ಕೇಶವ, ನಾರಾಯಣ, ಮಾಧವ ಎಂದು ಎಣಿಸುತ್ತ ಹೋಗಿ ಕೊನೆಗೆ ಅವನೇ ಕೇಳಿದನು: "ಸಾರ್, ನಾಲ್ಕೇ ಎಲೆ, ಇಪ್ಪತ್ತನಾಲ್ಕೇ ಕಟ್ಟು. ಇವರು ಒಂದನ್ನೂ ಬಿಟ್ಟಿಲ್ಲ, ಅಲ್ಲವೆ?" ಬಿಟ್ಟಿಲ್ಲವೆಂದು ನಾವು ಉತ್ತರ ಕೊಟ್ಟೆವು.